ಅಂಗೈಯಗಲ ತೊಗಟೆ

ಮರಗಳಿಗೆ ಮನುಷ್ಯರ ಮಾತು ಕೇಳಿಸುತ್ತಿದ್ದ ಕಾಲ ಅದು. ಮತ್ತಿಕೋಟೆ ಅಂತ ಒಂದು ರಾಜ್ಯ. ಅಲ್ಲಿ ತೊಗಲು ಹದ ಮಾಡುವ ಬೀರ, ಅವನ ಹೆಂಡತಿ ಸಂಕವ್ವ. ಜಾಲಿಮರದ ತೊಗಟೆ ಕುದಿಸಿ, ಆ ಒಗರು ನೀರಿನಲ್ಲಿ ನೆನೆಹಾಕಿದರೆ ಸಾಕು, ನಾಳೆ ಕೊಳೆಯಬೇಕಾದ ತೊಗಲು ತಲೆಮಾರು ಬಾಳುವ ಚರ್ಮವಾಗುತ್ತಿತ್ತು. ಎಷ್ಟು ನೋಡಿದರೂ ಸಂಕವ್ವನಿಗೆ ಅದು ಸೋಜಿಗವೇ. ಒಣಸಿಪ್ಪೆಯೊಳಗೆ ಇಷ್ಟು ಶಕ್ತಿ ಇಟ್ಟವರು ಯಾರಪ್ಪಾ ಅಂತ ಮಡಕೆಯೊಳಗೆ ಇಣುಕುತ್ತಾ ಕೂರುವಳು.

ಅವರ ಕುಲಕ್ಕೊಂದು ಕಟ್ಟುಪಾಡಿತ್ತು. ಮರಕ್ಕೆ ಕೈಮುಗಿದು, ಮೂಡಣ ಮಗ್ಗುಲಲ್ಲಿ ಅಂಗೈಯಗಲ ಮಾತ್ರ ತೊಗಟೆ ತೆಗೆಯಬೇಕು. ಗಾಯಕ್ಕೆ ಹಸಿಮಣ್ಣು ಮೆತ್ತಬೇಕು. ಸುತ್ತಲೂ ಸುಲಿದರೆ ಮರ ನಿಂತಲ್ಲೇ ಸಾಯುತ್ತದೆ. ಇದೆಲ್ಲ ಕಲಿತಿದ್ದರೂ, ಮದುವೆಯಾದ ಹೊಸದರಲ್ಲಿ ಸಂಕವ್ವ ಒಂದು ಎಡವಟ್ಟು ಮಾಡಿದ್ದಳು. ಮಡಕೆ ಬಿಟ್ಟು ಕಬ್ಬಿಣದ ಕೊಪ್ಪರಿಗೆಯಲ್ಲಿ ತೊಗಟೆ ಕುದಿಸಿದಳು. ನೀರು ಕಾಡಿಗೆಯಾಯಿತು, ತೊಗಲೆಲ್ಲ ಕಪ್ಪಾಯಿತು. ಬೀರ ಬೈಯಲಿಲ್ಲ. ತೊಗಟೆಯ ಒಗರಿಗೂ ಕಬ್ಬಿಣಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಕಣೇ ಅಂತ ನಕ್ಕುಬಿಟ್ಟ.

ಗಡಿಯಾಚೆ ಲೋಹಾಕ್ಷನೆಂಬ ಮಾಂತ್ರಿಕನಿದ್ದ. ಅವನ ಮೈಯೆಲ್ಲ ಕಬ್ಬಿಣ, ಮೇಲೆ ಮಾತ್ರ ಮನುಷ್ಯನ ಬಣ್ಣ. ಕತ್ತಿ ನಾಟದು, ಬೆಂಕಿ ಸುಡದು. ಮಳೆ ಬಂದರೆ ಮಾತ್ರ ತುಕ್ಕಿನ ಭಯ. ಮಳೆಗಾಲದಲ್ಲೂ ಊರುಗಳನ್ನು ಸೂರೆಮಾಡಬೇಕು, ನನಗೊಂದು ತೊಗಲಂಗಿ ಮಾಡಿಕೊಡು ಅಂತ ಬೀರನಲ್ಲಿಗೆ ಬಂದ. ಬೀರ ಒಲ್ಲೆನೆಂದ. ಮಾಂತ್ರಿಕ ಅವನನ್ನು ಸುಳಿಗಾಳಿಯಲ್ಲಿ ಹೊತ್ತೊಯ್ದ.

ಗಂಡನಿಲ್ಲದ ಮನೆಯಲ್ಲಿ ಸಂಕವ್ವನಿಗೆ ತುತ್ತು ಇಳಿಯಲಿಲ್ಲ. ಅತ್ತರೆ ಆಗುವ ಕೆಲಸವಲ್ಲ ಅಂದುಕೊಂಡು ಒಂದು ಮಡಕೆ, ಒಂದು ಚೂರಿ, ಒಂದು ಗಂಟು ಜಾಲಿತೊಗಟೆ ಹೊತ್ತು ಹೊರಟಳು.

ಮೊದಲು ಎದುರಾದದ್ದು ಕೆಂಡದ ಬಯಲು. ಅದರ ಅಂಚಿನಲ್ಲಿ ಎರಡು ಮತ್ತಿಮರ, ಮೊಸಳೆಯ ಮೈಯಂಥ ತೊಗಟೆ. ಸುತ್ತಲಿನ ಹುಲ್ಲು ಪೊದೆ ಎಲ್ಲ ಬೂದಿಯಾಗಿದ್ದರೂ ಅವು ಹಸಿರಾಗಿ ನಿಂತಿದ್ದವು. ಸಂಕವ್ವ ಕೈಮುಗಿದು ಒಂದೊಂದರಿಂದ ಅಂಗೈಯಗಲ ಪಡೆದಳು, ಗಾಯಕ್ಕೆ ಮಣ್ಣು ಮೆತ್ತಿದಳು. ಆ ತೊಗಟೆಯನ್ನೇ ಕಾಲಿಗೆ ಕಟ್ಟಿಕೊಂಡು ಬಯಲು ದಾಟಿದಳು. ತೊಗಟೆ ಹೊರಗೆ ಕರಿಕಾಗಿತ್ತು, ಪಾದ ಬೆಚ್ಚಗೂ ಆಗಿರಲಿಲ್ಲ.

ಆಮೇಲೆ ಸಿಕ್ಕಿದ್ದು ಗುಡ್ಡದಷ್ಟು ದೊಡ್ಡ ಹುಲಿ. ದಾರಿಯಲ್ಲಿ ಬಂದವರನ್ನೆಲ್ಲ ನುಂಗುವುದು ಅದರ ಕೆಲಸ. ಆದರೆ ಪಾಪ, ಒಸಡಿನಲ್ಲಿ ರಕ್ತ, ಹಲ್ಲೆಲ್ಲ ಅಲ್ಲಾಡುತ್ತಿತ್ತು. ಬಾಯಿ ತೆಗೆ ಹುಲಿಯಪ್ಪಾ, ತಿನ್ನುವ ಮಾತು ಆಮೇಲೆ ಅಂತ ಸಂಕವ್ವ ಗಂಟಿನ ತೊಗಟೆಯನ್ನೆಲ್ಲ ಕುದಿಸಿ ಅದರ ಬಾಯಿಗೆ ಹೊಯ್ದಳು. ಒಗರಿಗೆ ಒಸಡು ಬಿಗಿಯಿತು, ರಕ್ತ ನಿಂತಿತು. ಹಲ್ಲು ಗಟ್ಟಿಯಾದ ಮೇಲೆ ಇವಳನ್ನೇ ತಿನ್ನಬಹುದಿತ್ತು ನೋಡಿ. ತಿನ್ನಲಿಲ್ಲ. ಉಪಕಾರ ಮರೆಯುವುದಕ್ಕೆ ಅದೇನು ಮನುಷ್ಯನೇ? ಬೆನ್ನ ಮೇಲೆ ಕೂರಿಸಿಕೊಂಡು ಮಾಂತ್ರಿಕನ ಕೋಟೆಗೆ ಬಿಟ್ಟಿತು.

ಕೋಟೆಯ ಅಂಗಳದಲ್ಲಿ ಒಂದೇ ಒಂದು ಜಾಲಿಮರ. ಅದರ ಮುಂದೆ ಸಾಲಾಗಿ ಮೂವರು ಬೀರರು! ಅದೇ ಮೂಗು, ಅದೇ ನಗೆ. ಲೋಹಾಕ್ಷನ ದನಿ ಎಲ್ಲಿಂದಲೋ ಬಂತು:

"ಈ ಮೂವರನ್ನು ಮುಟ್ಟದೆ, ಮಾತಾಡಿಸದೆ ನಿನ್ನ ಗಂಡ ಎಲ್ಲಿದ್ದಾನೆ ಹೇಳು. ಸರಿಯಾದರೆ ಕರೆದುಕೊಂಡು ಹೋಗು. ತಪ್ಪಾದರೆ ನೀನೂ ಈ ಅಂಗಳದಲ್ಲಿ ಮರವಾಗಿ ನಿಲ್ಲು."

ಸಂಕವ್ವ ಆ ಮೂವರನ್ನು ನೋಡಿದಳು. ಹಿಂದೆ ಕಪ್ಪಾದ ಆ ಕಬ್ಬಿಣದ ಕೊಪ್ಪರಿಗೆಯ ನೀರು ಕಣ್ಣಮುಂದೆ ಬಂತು. ನಮ್ಮವರು ತೊಗಟೆನೀರು ಚಿಮುಕಿಸದೆ ಯಾವುದನ್ನೂ ಆರಿಸುವುದಿಲ್ಲ, ಅಷ್ಟಕ್ಕೆ ಅಪ್ಪಣೆ ಬೇಕು ಅಂದಳು. ಮಾಂತ್ರಿಕನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು.

"ಧಾರಾಳವಾಗಿ. ಆ ಮರ ಇದೆಯಲ್ಲ, ಬುಡದ ಸುತ್ತಲೂ ಸುಲಿದುಕೋ."

ಅವಸರವಿತ್ತು, ಭಯವಿತ್ತು. ಆದರೂ ಸಂಕವ್ವನ ಕೈ ಕಟ್ಟುಪಾಡು ಮೀರಲಿಲ್ಲ. ತಾಯೀ ನೋವು ತಡೆದುಕೋ ಅಂತ ಮರಕ್ಕೆ ಕೈಮುಗಿದು, ಮೂಡಣ ಮಗ್ಗುಲಲ್ಲಿ ಅಂಗೈಯಗಲ ತೆಗೆದು, ಹಸಿಮಣ್ಣು ಮೆತ್ತಿದಳು. ಮಡಕೆಯಲ್ಲಿ ಕುದಿಸಿ, ಆರಿಸಿ, ಚಿಮುಕಿಸಿದಳು. ಮೊದಲನೆಯವನು ಕಾಡಿಗೆಗಪ್ಪಾದ. ಎರಡನೆಯವನೂ ಕಪ್ಪಾದ. ಇನ್ನು ಉಳಿದವನೇ ನನ್ನವನು ಅಂತ ಅವಳ ಜೀವ ಕುಣಿಯಿತು. ನೀರು ಬಿದ್ದದ್ದೇ ತಡ, ಮೂರನೆಯವನೂ ಕಪ್ಪಾದ.

ಮೂವರೂ ಕಬ್ಬಿಣ, ಇವರಲ್ಲಿ ಬೀರ ಇಲ್ಲವೇ ಇಲ್ಲ! ಆಗ ಮಾಂತ್ರಿಕ ಆಡಿದ ಮಾತು ನೆನಪಾಯಿತು: ನೀನೂ ಮರವಾಗಿ ನಿಲ್ಲು. ಹಾಗಾದರೆ ಇಲ್ಲಿ ಮೊದಲೇ ಮರವಾಗಿ ನಿಂತವರು ಯಾರು? ಅವಳು ಮೆಲ್ಲಗೆ ತಿರುಗಿ ಜಾಲಿಮರವನ್ನು ಅಪ್ಪಿಕೊಂಡಳು.

"ಇವನೇ ನನ್ನ ಗಂಡ."

ನಿಜ ನುಡಿದೊಡನೆ ಮಾಟ ಮುರಿಯಿತು. ಆಕಾಶ ಬಿರಿದು ಮಳೆ ಸುರಿಯಿತು. ಕಬ್ಬಿಣದ ಎರಡು ಗೊಂಬೆಗಳೂ, ಅವುಗಳ ನಡುವೆ ಬೀರನ ರೂಪ ತೊಟ್ಟು ನಿಂತಿದ್ದ ಲೋಹಾಕ್ಷನೂ ತುಕ್ಕಾಗಿ ಉದುರಿ ನೀರಿನಲ್ಲಿ ಹರಿದುಹೋದರು. ಸಂಕವ್ವನ ತೋಳುಗಳಲ್ಲಿ ಮರ ಬೆಚ್ಚಗಾಯಿತು, ಉಸಿರಾಡಿತು, ಬೀರನಾಯಿತು. ಅವನ ಬೆನ್ನಿನಲ್ಲಿ ಅಂಗೈಯಗಲ ಗಾಯ. ಮೇಲೆ ಅವಳೇ ಮೆತ್ತಿದ ಹಸಿಮಣ್ಣು.

ಸುತ್ತಲೂ ಸುಲಿದಿದ್ದರೆ ಅಂತ ನೆನೆದು ಸಂಕವ್ವ ಬಿಕ್ಕಿಬಿಕ್ಕಿ ಅತ್ತಳು. ಬೀರ ಅವಳ ಕೈ ಹಿಡಿದುಕೊಂಡ.

"ಅವನು ಹೇಳಿದ್ದು ನನಗೂ ಕೇಳಿಸ್ತು ಕಣೇ. ಹೆದರಲಿಲ್ಲ. ಚೂರಿ ಹಿಡಿದ ಕೈ ನಿನ್ನದಲ್ಲವಾ?"

ಹುಲಿಯ ಮೇಲೆ ಕೂತು ಇಬ್ಬರೂ ಊರಿಗೆ ಬಂದರು. ಮತ್ತಿಕೋಟೆಯಲ್ಲಿ ಆಮೇಲೆ ಸೂರೆಯ ಭಯವಿರಲಿಲ್ಲ. ಗಂಡಹೆಂಡಿರು ತಮ್ಮ ಮರಗಳ ನೆರಳಲ್ಲಿ ತಣ್ಣಗೆ ಬಾಳಿದರು. ಕತೆ ಕೇಳಿದ ನಿಮ್ಮ ಮೇಲೂ ಆ ನೆರಳಿರಲಿ.