ಎರಡು ದಿನಕ್ಕೆಂದು ತಂದದ್ದು

ನಲ್ಲಿಗೆ ನೀರು ಆರೂ ಹತ್ತಕ್ಕೆ ಬಂತು. ಎದ್ದು ಡ್ರಮ್ಮು ತುಂಬಿಸಿದೆ, ಕೊಡ ತುಂಬಿಸಿದೆ. ಊರಿನ ಹೊಲದಲ್ಲಿ ಶಾಂತುವನ್ನು ಮಣ್ಣು ಮಾಡಿ, ಹನ್ನೊಂದನೆಯ ದಿನದ ಕಾರ್ಯ ಮುಗಿಸಿ, ಹಿಂದಿನ ದಿನವಷ್ಟೇ ನಾನೂ ಅತ್ತೆಯೂ ಹೈದರಾಬಾದಿನ ಕಾಚಿಗೂಡದಲ್ಲಿ ರೈಲಿಳಿದು ಮನೆಗೆ ಬಂದಿದ್ದೆವು. ಆ ಬೆಳಗ್ಗೆ ಯಾರೂ ಬಾಗಿಲು ತಟ್ಟಲಿಲ್ಲ. ಯಾರೂ ನನ್ನ ಕೈ ಹಿಡಿದುಕೊಂಡು ಕೂರಲಿಲ್ಲ. ಏಳಕ್ಕೆ ನೀರು ನಿಂತಿತು. ಆಮೇಲೆ ಮಾಡಲು ಏನೂ ಇರಲಿಲ್ಲ.

ಶಾಂತು ಎಂದರೆ ಶಾಂತಕುಮಾರ, ನನ್ನ ಗಂಡ. ಮೂವತ್ತಾರು ವರ್ಷ. ಸಿಕಂದರಾಬಾದಿನ ತನ್ನ ಆಫೀಸಿನ ಮೆಟ್ಟಿಲ ಮೇಲೆ ಶೂ ಲೇಸು ಕಟ್ಟಲು ಕೂತವನು ಏಳಲಿಲ್ಲ.

ಪಡಸಾಲೆಯಲ್ಲಿ ಅವನ ಎರಡು ಸ್ಪೀಕರುಗಳಿದ್ದವು. ಸೊಂಟದೆತ್ತರದ ಮರದ ಡಬ್ಬಿಗಳು, ನನಗಿಂತ ವಯಸ್ಸಿನಲ್ಲಿ ಹಿರಿಯವು. ಹಳೇ ಸಾಮಾನು ಮಾರುವ ಜುಮ್ಮೆರಾತ್ ಬಜಾರಿನ ರಾಶಿಯಿಂದ ಆಟೋದಲ್ಲಿ ಹೇರಿಕೊಂಡು ತಂದಿದ್ದ. ಒಂದೂವರೆ ವರ್ಷದಿಂದ ಅವುಗಳ ಹೊಟ್ಟೆ ಬಿಚ್ಚುವುದು, ಹಳೆಯದು ತೆಗೆಯುವುದು, ಹೊಸದು ಹಾಕುವುದು. ಎಡಗಡೆಯದು ಮುಗಿದಿತ್ತು. ಬಲಗಡೆಯದು ತೆರೆದೇ ಇತ್ತು. ದಪ್ಪ ದನಿ ನುಡಿಸುವ, ದೊಡ್ಡ ಕೋನಿನ ಅದರ ವೂಫರ್ ಪೇಪರಿನ ಮೇಲೆ ಮಕಾಡೆ ಮಲಗಿತ್ತು, ಎಂಟು ಸ್ಕ್ರೂಗಳು ಉಪ್ಪಿನಕಾಯಿ ಬಾಟಲಿಯ ಮುಚ್ಚಳದಲ್ಲಿದ್ದವು.

ಕೊನೆಯ ಗುರುವಾರ ಸಂಜೆ ಅವನು ಕರೆದಿದ್ದ. "ಶೈಲಾ, ಹತ್ತ ನಿಮಿಷ ಬಾ. ಇದನ್ನ ಹಿಡಿ, ನಾ ಎರಡ ವೈರ್ ಹಚ್ತೀನಿ. ಇವತ್ತ ಕೇಳಿಬಿಡೂಣು."

ನಾನು ಕಾಲೇಜಿನ ಉತ್ತರ ಪತ್ರಿಕೆಗಳ ನಡುವೆ ಕೂತಿದ್ದೆ. "ಪೇಪರ್ ತಿದ್ದೂದೈತಿ ಶಾಂತು. ಆದಿತ್ಯವಾರ ಕೇಳೂಣಲ್ಲ."

ಅವನು ತುಸು ಹೊತ್ತು ಸುಮ್ಮನಿದ್ದ. "ಹೂಂ. ಆದಿತ್ಯವಾರ."

ಮರುದಿನ ಅವನಿಲ್ಲ.

ನನಗೆ ಬೇಕಾದದ್ದು ಆ ಆದಿತ್ಯವಾರ. ಎರಡೂ ಡಬ್ಬಿಗಳು ಒಟ್ಟಿಗೆ ಹಾಡುವುದನ್ನು ಒಂದು ಸಲ ಕೇಳಬೇಕು. ಅದರಿಂದ ಏನೂ ಸರಿಹೋಗುವುದಿಲ್ಲವೆಂದು ಗೊತ್ತಿತ್ತು. ಆದರೆ ಅದನ್ನು ಕೇಳದೆ ಮುಂದಿನ ಬೆಳಗ್ಗೆ ನೀರು ಹಿಡಿಯಲು ಏಳಲಾರೆ ಅನಿಸಿತು.

*

ಅವನನ್ನು ಮೊದಲು ನೋಡಿದ್ದು ನನ್ನ ಸೋದರತ್ತೆ ವನಜಾ ಅವರ ಮನೆಯಲ್ಲಿ. ಗಚ್ಚಿಬೌಲಿಯ ಯೂನಿವರ್ಸಿಟಿಯಲ್ಲಿ ಆಗಷ್ಟೇ ಎಂ.ಎ. ಮುಗಿಸಿದ್ದೆ. ಹುಡುಗಿ ನೋಡಲು ಬಂದವನು ಸೋಫಾದಿಂದ ಎದ್ದು ಟಿವಿಯ ಹಿಂದೆ ಮಂಡಿಯೂರಿ ಕೂತ. ನಾನು ಅವಲಕ್ಕಿಯ ತಟ್ಟೆ ಹಿಡಿದು ನಿಂತೇ ಇದ್ದೆ.

"ಇದರದೊಂದು ಸ್ಪೀಕರ್ ಸತ್ತೈತ್ರಿ," ಎಂದ. ಅವನು ನನಗೆ ಹೇಳಿದ ಮೊದಲ ಮಾತು ಅದು.

"ಹುಡುಗಿ ನೋಡಾಕ ಬಂದೀರೋ, ಟಿವಿ ನೋಡಾಕೋ?"

ತಿರುಗಿದ. ಮೂಗಿನ ತುದಿಗೆ ಧೂಳು ಹತ್ತಿತ್ತು. "ಹುಡುಗೀನ ನೋಡೂ ಧೈರ್ಯ ಬರೂತನಾ ಟಿವಿ ನೋಡಾಕತ್ತೀನ್ರಿ."

ನಾಲ್ಕು ಜನರ ಮುಂದೆ ನಾನು ಅವನಿಗೆ 'ರೀ' ಅನ್ನುತ್ತಿದ್ದೆ. ಇಬ್ಬರೇ ಇದ್ದಾಗ ಶಾಂತು.

ಸ್ಪೀಕರುಗಳನ್ನು ತಂದ ವಾರ ಒಂದು ಪಾಠ ಹೇಳಿದ. ಎರಡು ಡಬ್ಬಿಗಳ ನಡುವೆ ಎಷ್ಟು ಅಂತರವೋ, ಕೇಳುವವರು ಎರಡರಿಂದಲೂ ಅಷ್ಟೇ ದೂರ ಕೂರಬೇಕು. ಟೇಪು ಸಿಗಲಿಲ್ಲ. ನನ್ನ ವೇಲು ಎಳೆದುಕೊಂಡ. ಒಂದು ತುದಿಯನ್ನು ಡಬ್ಬಿಗೆ ಒತ್ತಿ ಹಿಡಿದು, ಇನ್ನೊಂದನ್ನು ನನ್ನ ಕೈಗೆ ಕೊಟ್ಟ.

"ಹಿಂದ ಹಿಂದ ಹೋಗು. ಜಗ್ಗಬ್ಯಾಡ."

"ಜಗ್ಗಿದರ?"

"ನಾ ಬಂದಬಿಡ್ತೀನಿ."

ಜಗ್ಗಿದೆ. ಬಂದ. ಆ ದಿನ ಅಳತೆ ಆಗಲಿಲ್ಲ.

ಮರುದಿನ ಅಳೆದು, ನನ್ನ ಹಣೆಯ ಬಿಂದಿ ತೆಗೆದು ಗುರುತಿಗೆಂದು ಟೈಲ್ಸಿನ ಮೇಲೆ ಅಂಟಿಸಿದ. "ಇಲ್ಲಿ ಕೂತರ ದನಿ ಡಬ್ಬಿ ಒಳಗಿಂದ ಬರೂದಿಲ್ಲ. ಎರಡರ ನಡುವ ಬಂದು ನಿಲ್ತೈತಿ. ಹಾಡಾಕಿ ಅಲ್ಲಿ ನಿಂತಾಳ ಅಂತ ಕೈ ಮಾಡಿ ತೋರಸಬಹುದು."

"ಬಿಂದಿ ಒಂದ ಐತಿ. ನೀ ಎಲ್ಲಿ ಕೂಡ್ತಿ?"

"ನೋಡೂಣು," ಎಂದು ನಕ್ಕ.

*

ಆ ಬೆಳಗ್ಗೆ ಅತ್ತೆ, ಶಾಂತುವಿನ ತಾಯಿ ಗಿರಿಜಾಬಾಯಿ, ಬಾಗಿಲಿಗೆ ಒರಗಿ ಕೂತು ನೋಡುತ್ತಿದ್ದರು. ನಾನು ತೆರೆದ ಡಬ್ಬಿಯೊಳಗೆ ಕೈ ಹಾಕಿದೆ. ಒಳಗೆಲ್ಲ ಹಳೇ ಗಾದಿಯ ಹತ್ತಿ. ಅದರ ನಡುವೆ ಬೆರಳಿಗೆ ಗಟ್ಟಿಯಾದದ್ದೇನೋ ತಗಲಿತು. ಹತ್ತಿ ಸರಿಸಿದೆ. ಡಬ್ಬಿಯ ಎರಡು ಗೋಡೆಗಳ ನಡುವೆ, ಅವು ನಡುಗದಂತೆ, ಒಂದು ದುಂಡು ಮರವನ್ನು ಬಿಗಿಯಾಗಿ ಅಡ್ಡ ಕೊಟ್ಟಿದ್ದ.

ನನ್ನ ಲಟ್ಟಣಿಗೆ. ಎರಡೂ ಹಿಡಿ ಗರಗಸದಿಂದ ಕೊಯ್ದಿದ್ದ.

ಆರು ತಿಂಗಳ ಹಿಂದೆ ಅದು ಕಾಣೆಯಾದಾಗ ನಾನು ಪಾತ್ರೆ ತೊಳೆಯುವ ಸುಗಲಮ್ಮನ ಮೇಲೆ ಅನುಮಾನಪಟ್ಟಿದ್ದೆ. ಅವಳು ಸಿಟ್ಟಾಗಿ ಒಂದು ವಾರ ಬರಲಿಲ್ಲ. ಶಾಂತುವೇ ಹೋಗಿ ಅವಳನ್ನು ಒಪ್ಪಿಸಿ ಕರೆತಂದ, ಶಾಂತುವೇ ಹೊಸ ಲಟ್ಟಣಿಗೆ ತಂದ. ಎಂಥ ಒಳ್ಳೆಯ ಗಂಡ ಅಂದುಕೊಂಡಿದ್ದೆ.

ನಕ್ಕೆ. ಹದಿಮೂರು ದಿನಗಳಲ್ಲಿ ಮೊದಲ ಸಲ. ಸದ್ದು ಹೇಗಿತ್ತೋ, ಅತ್ತೆ ಗಾಬರಿಯಾಗಿ ಎದ್ದು ಬಂದರು. ತೋರಿಸಿದೆ. ಬಗ್ಗಿ ಬಹಳ ಹೊತ್ತು ನೋಡಿದರು.

"ಊರಾಗ ನನ್ನ ಒನಕಿ ಉಳಿದೈತಲ್ಲ, ಪುಣ್ಯ," ಎಂದರು.

ಅವನು ಮಾಡುವುದನ್ನು ನೋಡಿ ನೋಡಿ ಅಷ್ಟಿಷ್ಟು ಗೊತ್ತಿತ್ತು. ವೈರು ಬೆಸೆಯುವ ಐರನ್ ಬಿಸಿ ಮಾಡಿ, ಕೆಂಪು ಚುಕ್ಕಿಯ ಕಡೆ ಕೆಂಪು ವೈರು, ಇನ್ನೊಂದು ಕಡೆ ಕಪ್ಪು ವೈರು ಬೆಸೆದೆ. ವೂಫರನ್ನು ಕೂಡಿಸಿ ಎಂಟು ಸ್ಕ್ರೂ ಬಿಗಿದೆ. ಸ್ಪೀಕರುಗಳಿಗೆ ಜೋಡಿಸಿದ್ದ ಪ್ಲೇಯರಿನ ಮೇಲೆ ರೆಕಾರ್ಡ್ ಹಾಕಿದೆ. ಜುಮ್ಮೆರಾತ್ ಬಜಾರಿನದೇ ಒಂದು ಹಳೇ ರೆಕಾರ್ಡು. ಲೇಬಲ್ ಕಿತ್ತುಹೋಗಿ ಹಾಡಿದವಳ ಹೆಸರು ತಿಳಿಯದು. ಒಂದು ಹೆಣ್ಣು ದನಿ, ಒಂದು ತಂಬೂರಿ, ಅಷ್ಟೇ.

ಸಾವಿನ ಮನೆಯಲ್ಲಿ ಹಾಡು ಬೇಡ ಎಂದು ಅತ್ತೆ ಅನ್ನಬಹುದು ಅಂದುಕೊಂಡಿದ್ದೆ. ಅವರು ಎದ್ದು ಕಿಟಕಿಗಳನ್ನು ಮುಚ್ಚಿದರು.

ಬಿಂದಿಯ ಮೇಲೆ ಕೂತೆ. ದನಿ ಬಂತು. ಆದರೆ ನಡುವೆ ಅಲ್ಲ. ತೆಳ್ಳಗೆ, ಟೊಳ್ಳಾಗಿ, ಗೋಡೆಗಳ ಹಿಂದಿನಿಂದ ಬಂದಂತೆ. ನಡುವೆ ಬರಿಯ ಗೋಡೆ. ಸರಿದು ಕೂತೆ, ಕಣ್ಣು ಮುಚ್ಚಿದೆ, ಮತ್ತೆ ಮೊದಲಿನಿಂದ ಹಾಕಿದೆ. ಐದು ಸಲ. ಆರು ಸಲ. ಇಷ್ಟಕ್ಕಾಗಿಯೇ ಒಂದೂವರೆ ವರ್ಷ ಬಗ್ಗಿ ಕೂತಿದ್ದನೇ? ಇಲ್ಲ, ಕೆಟ್ಟದ್ದು ನನ್ನ ಕಿವಿಯೇ? ಅವನು ಹತ್ತು ನಿಮಿಷ ಕೇಳಿದ್ದ, ನಾನು ಕೊಡಲಿಲ್ಲ. ಈಗ ದಿನವಿಡೀ ಕೊಡುತ್ತೇನೆಂದರೂ ಅದು ಬರಲೊಲ್ಲದು. ಟೈಲ್ಸಿಗೆ ಹಣೆ ಹಚ್ಚಿ ಬಿದ್ದುಕೊಂಡೆ. ಅಳುವೂ ಬರಲಿಲ್ಲ.

"ಯಾರರ ತಿಳದವರನ್ನ ಕೇಳವಾ," ಎಂದರು ಅತ್ತೆ.

*

ತಿಳಿದವರು ಒಬ್ಬರೇ, ನರಹರಿ ಕಾಕಾ. ರಕ್ಷಣಾ ಇಲಾಖೆಯ ಕಾರ್ಖಾನೆಯಿಂದ ನಿವೃತ್ತರಾಗಿ ಸಿಕಂದರಾಬಾದಿನ ತಿರುಮಲಗಿರಿಯಲ್ಲಿ ಇದ್ದರು. ಶಾಂತುವಿಗೆ ಐರನ್ ಹಿಡಿಯುವುದನ್ನು ಕಲಿಸಿದವರು ಅವರೇ, ಅವರ ಮನೆಯಲ್ಲೂ ಇದೇ ಮಾಡೆಲ್ಲಿನ ಜೋಡಿ ಇತ್ತು. ಫೋನ್ ಮಾಡಿದೆ.

"ಕಾಕಾ, ದನಿ ನಡುವ ಬರವಲ್ದು."

"ಯಾರು ಜೋಡಿಸಿದ್ರವಾ?"

"ನಾನ."

"ಮತ್ತ ಎಲ್ಲಿಂದ ಬರ್ತದ?"

"ಎಲ್ಲಾ ಕಡೆಯಿಂದ. ಎಲ್ಲಿಂದಲೂ ಇಲ್ಲ."

"ಹಂಗಾರ ಏನೂ ಕೆಟ್ಟಿಲ್ಲ. ಒಂದು ಹೊರಗ ದೂಡಿದಾಗ ಇನ್ನೊಂದು ಒಳಗ ಎಳೀಲಿಕ್ಕೆ ಹತ್ತದ. ಒಂದರ ದನಿ ಇನ್ನೊಂದು ನುಂಗ್ತದ, ಸಿಟ್ಟಿಗೆದ್ದ ಗಂಡ ಹೆಂಡತಿ ಹಂಗ."

"ಕೆಂಪು ಚುಕ್ಕಿಗೆ ಕೆಂಪು ವೈರ್ ಹಚ್ಚೀನ್ರಿ."

"ಹಳೇ ಮಾಲಿನ ಚುಕ್ಕಿ ನಂಬಬಾರದು. ಗೋಡೆ ಗಡಿಯಾರದ ಸೆಲ್ ತಗೀ. ಎರಡೂ ಡಬ್ಬಿಗೆ ಹಿಂದಿನಿಂದ ಮುಟ್ಟಿಸಿ ನೋಡು, ಕೋನ್ ಮುಂದ ಬರಬೇಕು. ಒಳಗ ಹೋದದ್ದನ್ನ ಬಿಚ್ಚಿ, ವೂಫರಿನ ವೈರ್ ಅದಲಿ ಬದಲಿ ಮಾಡು." ಫೋನ್ ಇಡುವ ಮುನ್ನ, "ಶೈಲಾ," ಎಂದರು.

"ಏನ್ರಿ ಕಾಕಾ?"

"ಏನಿಲ್ಲ. ಐರನ್ ಬಿಸಿ ಇರ್ತದ, ಕೈ ನೋಡ್ಕೋ."

ಗಡಿಯಾರದ ಸೆಲ್ ತೆಗೆದೆ. ನಾನು ಹಿಂದಿನಿಂದ ಮುಟ್ಟಿಸಿದೆ, ಅತ್ತೆ ಮುಂದೆ ಕೂತು ನೋಡಿದರು. "ಎಡಕಿಂದು ಉಬ್ಬಿತು. ಕಪ್ಪಿ ಗಂಟಲ ಇದ್ದಂಗ." ಬಲಗಡೆಯದಕ್ಕೆ ಮುಟ್ಟಿಸಿದೆ. "ಇದು ಒಳಗ ಹ್ವಾತವಾ."

ಮತ್ತೆ ಎಂಟು ಸ್ಕ್ರೂ ಬಿಚ್ಚಿದೆ. ಈ ಸಲ ಮೊಬೈಲಿನ ಬೆಳಕು ಹಿಡಿದು ಒಳಗೆ ಬಗ್ಗಿದೆ. ವೂಫರಿನ ತೂತಿನ ಮೇಲೆ, ಸಣ್ಣ ದನಿಗಳನ್ನು ನುಡಿಸುವ ಪುಟ್ಟ ಟ್ವೀಟರಿನ ಬೆನ್ನು ಕಂಡಿತು. ಅದರ ಅಯಸ್ಕಾಂತದ ಮೇಲೆ ಪೆನ್ಸಿಲ್ಲಿನಲ್ಲಿ ಶಾಂತುವಿನ ಅಕ್ಷರ:

ನರಹರಿ ಕಾಕಾ ಅವರದು. ಗುರುವಾರ ತಂದದ್ದು. ಎರಡು ದಿನ.

ನಮ್ಮ ಬಲಗಡೆಯ ಟ್ವೀಟರ್ ಸುಟ್ಟಿತ್ತು. ಕೋಠಿಯ ಅಂಗಡಿಗಳಲ್ಲೆಲ್ಲ ಅದರ ಜೋಡಿಗಾಗಿ ಹುಡುಕುತ್ತಿದ್ದ. ಸಿಕ್ಕಿರಲಿಲ್ಲ. ನನಗೆ ಒಂದು ಸಲ ಕೇಳಿಸಬೇಕೆಂದು ಕಾಕಾ ಅವರ ಸ್ಪೀಕರಿನಿಂದಲೇ ಬಿಚ್ಚಿಸಿಕೊಂಡು ತಂದಿದ್ದ. ಗುರುವಾರದಿಂದ ಎರಡು ದಿನ ಅಂದರೆ ಶನಿವಾರ. ನಾನು ಆದಿತ್ಯವಾರ ಅಂದಾಗ ಅವನು ಯಾಕೆ ತುಸು ಹೊತ್ತು ಸುಮ್ಮನಿದ್ದ ಎಂದು ತಿಳಿಯಿತು.

ಕಾಕಾ ಕೂಡ ಫೋನಿನಲ್ಲಿ ಏನೂ ಹೇಳಲಿಲ್ಲ. ತಮ್ಮ ಮನೆಯ ಸ್ಪೀಕರನ್ನು ಮೂಕ ಮಾಡಿಕೊಂಡು, ನನ್ನದು ಹೇಗೆ ಹಾಡಬೇಕೆಂದು ಹೇಳಿಕೊಟ್ಟಿದ್ದರು.

ಆಗಲೇ ಟ್ವೀಟರ್ ಬಿಚ್ಚಿ ಹಿಂದಕ್ಕೆ ಕೊಡಬೇಕಿತ್ತು. ಬಿಚ್ಚಲಿಲ್ಲ. ವೂಫರಿನ ವೈರು ಬದಲಿಸಿ, ಮುಚ್ಚಿ, ಬಿಂದಿಯ ಮೇಲೆ ಕೂತೆ.

ಮೊದಲು ಬಂದದ್ದು ಹಾಡಲ್ಲ, ಉಸಿರು. ಹಾಡುವ ಮುನ್ನ ಅವಳು ಎಳೆದುಕೊಂಡ ಉಸಿರು. ಆಮೇಲೆ ದನಿ. ಡಬ್ಬಿಗಳು ಇಲ್ಲವಾದವು. ಗೋಡೆಯ ಮುಂದೆ, ನನ್ನ ಮುಖದ ಎತ್ತರಕ್ಕೆ ಅವಳು ನಿಂತಿದ್ದಳು. ನಾನು ಕೈ ಮಾಡಿ ತೋರಿಸಿದೆ. "ಶಾಂತು, ಬಂತು ನೋಡು," ಎಂದೆ.

ಅವನಿಗೆ ಜಾಗ ಬಿಡಬೇಕೆಂದು ಒಂದು ಗೇಣು ಸರಿದೆ. ದನಿಯೂ ನಡುವಿನಿಂದ ಸರಿದು ಡಬ್ಬಿಯ ಕಡೆ ವಾಲಿತು. ಮರಳಿ ಬಂದೆ, ಮರಳಿ ಬಂತು. ಮತ್ತೆ ಸರಿದು ನೋಡಿದೆ.

ಅದು ಇಬ್ಬರು ಕೂರುವ ಜಾಗವಲ್ಲ. ಒಬ್ಬರಿಗೆ ಮಾತ್ರ. ಅದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಅಲ್ಲಿ ಅಂಟಿಸಿದ್ದು ನನ್ನ ಬಿಂದಿ.

ಆಗ ಅಳು ಬಂತು. ಅತ್ತೆ ರೆಕಾರ್ಡ್ ನಿಲ್ಲಿಸಲಿಲ್ಲ.

*

ಒಂದು ಸಲ ಅಂದವಳು ಒಂಬತ್ತು ದಿನ ಕೇಳಿದೆ. ಕಾಲೇಜಿಗೆ ಹೋಗಲಿಲ್ಲ. ಕಿಟಕಿ ಮುಚ್ಚಿ, ಬಿಂದಿಯ ಮೇಲೆ ಕೂತು, ಅದೇ ಉಸಿರಿಗೆ ಕಾಯುವುದು. ನಾಳೆ ಕೊಡುತ್ತೇನೆ, ನಾಳೆ ಕೊಡುತ್ತೇನೆ ಎಂದು. ಅದನ್ನು ಬಿಚ್ಚಿದರೆ ಶಾಂತು ಎರಡನೆಯ ಸಲ ಹೋಗುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ.

ಹತ್ತನೆಯ ಬೆಳಗ್ಗೆ ಅತ್ತೆ ಕೇಳಿದರು. "ಆ ದಿನಾ ಅದರೊಳಗ ಏನೋ ಓದಿದೆಲ್ಲ. ಏನ ಬರದಿದ್ದ?"

ಹೇಳಿದೆ.

"ಅವರು ಕೇಳ್ಯಾರೇನು?"

"ಇಲ್ರಿ."

"ಕೇಳೂದಿಲ್ಲ ಅವರು." ತಟ್ಟೆಯಲ್ಲಿದ್ದ ಅಕ್ಕಿಯಿಂದ ಒಂದು ಕಲ್ಲು ಆರಿಸಿ ತೆಗೆದರು. "ಮಂದಿ ಸಾಮಾನು ತೆಲಿಮ್ಯಾಲ ಹೊತ್ತು ಮಣ್ಣಾಗ ಮಲಗಿದರ ನಿದ್ದಿ ಬರ್ತೈತೇನವಾ ಅವಗ?"

ಮಧ್ಯಾಹ್ನ ಐರನ್ ಬಿಸಿ ಮಾಡಿದೆ. ವೈರು ಬಿಡಿಸಿಕೊಂಡ ಟ್ವೀಟರ್ ಅಂಗೈಯಷ್ಟೇ ಇತ್ತು. ಅದನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಸಿಕಂದರಾಬಾದಿನ ಬಸ್ಸು ಹತ್ತಿದೆ. ಆದರೂ ದಾರಿಯುದ್ದಕ್ಕೂ ಒಂದು ಮಾತನ್ನು ಬಾಯಿಪಾಠ ಮಾಡುತ್ತಿದ್ದೆ. ಕಾಕಾ, ಇನ್ನೊಂದು ತಿಂಗಳು ನನ್ನ ಕಡೆ ಇರ್ಲ್ರಿ.

ಬಾಗಿಲು ತೆರೆದವರು ಕಾಕಾ. ನನ್ನ ಚೀಲ ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು.

"ಇಟ್ಕೋವಾ," ಎಂದರು, ನಾನು ಬಾಯಿ ಬಿಡುವ ಮುನ್ನವೇ. "ನನಗೇನೂ ಅವಸರ ಇಲ್ಲ. ಅವ ಕೇಳಿದಾಗ ಏನಂದ ಗೊತ್ತದ? ಕಾಕಾ, ಆಕಿ ಒಂದ ಸಲ ಕೇಳ್ಲಿ, ಆಮ್ಯಾಲ ನನ್ನದು ಸಿಗೂತನಾ ಎಷ್ಟ ದಿನ ಬೇಕಾದರೂ ಕಾಯ್ತೀನಿ ಅಂದ. ನಿನ್ನ ಕಡೇನ ಇರಲಿ."

ನಾನು ಬೇಡಲು ಬಂದದ್ದು ಬೇಡದೆಯೇ ಸಿಕ್ಕಿತ್ತು. ಚೀಲವನ್ನು ಎದೆಗೆ ಒತ್ತಿಕೊಂಡು ಅಲ್ಲೇ ನಿಂತೆ.

ಅವರ ಹಿಂದೆ ಪಡಸಾಲೆ ಕಾಣುತ್ತಿತ್ತು. ಎರಡು ಸ್ಪೀಕರುಗಳು. ಒಂದರ ಮೇಲ್ಭಾಗದಲ್ಲಿ ದುಂಡನೆಯ ತೂತು. ಎದುರಿಗೆ ಬೆತ್ತದ ಒಂದೇ ಕುರ್ಚಿ, ಅದರಲ್ಲಿ ಕಾಕಾ ಅವರ ಹೆಂಡತಿ ಉಷಾ ಕಾಕು ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಹಾಡು ಏನೂ ಇರಲಿಲ್ಲ. ಕಾಕು ಮಾತ್ರ ಅದೇ ಕುರ್ಚಿಯಲ್ಲಿ, ಡಬ್ಬಿಗಳ ಕಡೆ ಮುಖ ಮಾಡಿ.

"ಬಾ ಶೈಲಾ. ಯಾಕ ಹೊಸ್ತಿಲದಾಗ ನಿಂತಿ?" ಎಂದರು ಕಾಕು.

"ಕಾಕಾ, ನಡುವ ಕಾಕು ಕೂಡ್ತಾರೇನ್ರಿ?"

"ಮೂವತ್ತು ವರ್ಷದಿಂದ ಆಕೀನ."

"ಹಂಗಾರ ನೀವು?"

ಕಾಕಾ ಎಡಗಡೆಯ ಸ್ಪೀಕರಿನ ಪಕ್ಕ, ಗೋಡೆಗೆ ಹಾಕಿದ್ದ ಒಂದು ಸ್ಟೂಲು ತೋರಿಸಿದರು. ಅಲ್ಲಿ ಕೂತವರಿಗೆ ಹಾಡು ಸರಿಯಾಗಿ ಕೇಳಿಸುವುದಿಲ್ಲವೆಂದು ಈಗ ನನಗೂ ಗೊತ್ತಿತ್ತು.

"ಅಲ್ಲಿ ಏನ ಕೇಳಸ್ತೈತ್ರಿ?"

"ಕೇಳಸೂದಿಲ್ಲ," ಎಂದರು ಕಾಕಾ, ಸ್ವಲ್ಪ ನಾಚಿದಂತೆ. "ಆಕಿ ಮುಖ ಕಾಣಸ್ತದ."

ಒಳಗೆ ಕಾಕು, "ಸುಮ್ಮನಿರ್ರಿ, ಹುಡುಗಿ ಮುಂದ," ಎಂದರು.

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಬೆತ್ತದ ಕುರ್ಚಿಯ ಮುಂದೆ ನೆಲದ ಮೇಲೆ ಕೂತು, ಚೀಲದಿಂದ ಟವೆಲ್ ತೆಗೆದು ಬಿಚ್ಚಿದೆ. "ಎರಡು ದಿನಕ್ಕಂತ ತಂದಿದ್ರು ಕಾಕು," ಎಂದೆ. "ಇಪ್ಪತ್ತೆರಡು ದಿನ ಆದುವು. ಸಿಟ್ಟಾಗಬ್ಯಾಡ್ರಿ."

ಕಾಕು ಅವರೆಕಾಯಿಯ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಕೈಗಳನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದರು.

ಕೊಟ್ಟೆ.