ಎತ್ತಿದ ಎರಡು ಕೈ

ಹಡಗಿನಿಂದ ಇಳಿಸಿದ ಟ್ರಾನ್ಸ್‌ಫಾರ್ಮರ್ ಬಂದರಿನ ಕಟ್ಟೆಯ ಮೇಲೆ ಒಂದು ಮನೆಯ ಹಾಗೆ ಕೂತಿತ್ತು. ಅದನ್ನು ಕಾಡು ದಾಟಿಸಿ, ಕಣಿವೆ ಹತ್ತಿಸಿ, ಬೆಟ್ಟದ ಮೇಲಿನ ಊರಿಗೆ ಮುಟ್ಟಿಸಬೇಕು. ಆ ಊರಿನ ಹಳೆಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದಂದಿನಿಂದ ನೀರೆತ್ತುವ ಪಂಪು ನಿಂತಿತ್ತು. ಹೆಂಗಸರು ಕೊರಕಲಿಗೆ ಇಳಿದು ಕೊಡ ಹೊತ್ತು ಹತ್ತುತ್ತಿದ್ದರು. ಹಾಗೆ ಹತ್ತುವವರಲ್ಲಿ ಮೇಸ್ತ್ರಿಯ ಹೆಂಡತಿಯೂ ಒಬ್ಬಳು.

ಆದರೆ ಹೊರಡುವಾಗ ಅವಳು ಹೇಳಿದ್ದು ನೀರಿನ ಮಾತಲ್ಲ.

“ನನ್ನ ತಮ್ಮನ್ನ ಕರಕೊಂಡು ಹೋಗ್ತಾ ಇದ್ದೀರಿ. ಹೋದ ಹಾಗೇ ಇಡಿಯಾಗಿ ತಂದುಬಿಡಿ. ಮಿಕ್ಕಿದ್ದು ನಿಮ್ಮಿಷ್ಟ.”

ಆ ತಮ್ಮನೇ ಡ್ರೈವರ್. ಉದ್ದನೆಯ ಟ್ರೈಲರನ್ನು ಎಳೆಯುವ ದೊಡ್ಡ ಲಾರಿ ಅವನ ಕೈಯಲ್ಲಿ. ಉಕ್ಕಿನ ಹಗ್ಗ ಸುತ್ತಿ ಭಾರ ಎಳೆಯುವ ವಿಂಚ್ ಯಂತ್ರ ನಡೆಸುವವನಿಗೆ ಎಲ್ಲರೂ ಜಿಗಣೆ ಅನ್ನುತ್ತಿದ್ದರು. ಹಿಡಿದ ಹಿಡಿಕೆ ಬಿಡುವ ಜಾತಿಯಲ್ಲ ಅವನು. ಸರಕನ್ನು ನೋಡಿ ವಹಿಸಿಕೊಳ್ಳಲು ಊರಿನ ಕಡೆಯಿಂದ ಇಂಜಿನಿಯರಮ್ಮ ಬಂದಿದ್ದರು. ಈ ಮೂವರು, ಮೇಸ್ತ್ರಿ ಒಬ್ಬ. ಅಷ್ಟೇ ಜನ.

ಇಂಜಿನಿಯರಮ್ಮ ಟ್ರಾನ್ಸ್‌ಫಾರ್ಮರಿನ ಸುತ್ತ ಬಂದು ಮೂಲೆಮೂಲೆ ತಡವಿದರು. ದಾರಿಯಲ್ಲಿ ತಿಂದ ಕುಲುಕಾಟವನ್ನು ಗೀಚಿಡುವ ಯಂತ್ರ ನೋಡಿದರು. ಆಮೇಲೆ ಅದರ ಮೈಯ ಹೊರಗಿದ್ದ, ಒಳಗಿನ ಒತ್ತಡ ತೋರಿಸುವ ಸಣ್ಣ ಗೇಜಿನ ಮೇಲೆ ಬೆರಳಿಟ್ಟರು.

“ಇದನ್ನ ನೋಡ್ಕೊಳ್ಳಿ. ಇದರೊಳಗೆ ಈಗ ಎಣ್ಣೆ ಇಲ್ಲ, ಒಣ ಗಾಳಿ ತುಂಬಿದಾರೆ. ಮುಳ್ಳು ಸೊನ್ನೆಗೆ ಬಿದ್ದರೆ ಹೊರಗಿನ ತೇವ ಒಳಗೆ ಹೋಗತ್ತೆ. ಹೋಯ್ತು ಅಂದರೆ ಇದು ಬರೀ ಕಬ್ಬಿಣ.”

“ಉಸಿರು ಬಿಗಿಹಿಡಿದು ಕೂತಿದೆ ಅನ್ನಿ,” ಎಂದ ಡ್ರೈವರ್. “ನಮ್ಮ ಭಾವ ಅಕ್ಕನ ಮುಂದೆ ಕೂತ ಹಾಗೆ.”

“ಬಾಯಿ ಮುಚ್ಕೊಂಡು ಚೈನು ಬಿಗಿ,” ಎಂದ ಮೇಸ್ತ್ರಿ.

ಭಾರ ಎಳೆಯುವವರ ಕೈಸನ್ನೆಯ ಮಾತನ್ನು ಇಲ್ಲೇ ಹೇಳಿಬಿಡಬೇಕು. ಭಾರ ಕದಲುವಾಗ ಒಬ್ಬನ ಕೈ ಮಾತ್ರ ಮಾತಾಡುತ್ತದೆ, ಅದು ಮೇಸ್ತ್ರಿಯ ಕೈ. ಬೇರೆಯವರು ಏನು ಕೂಗಿದರೂ ವಿಂಚಿನವನು ಕೇಳುವುದಿಲ್ಲ. ಆದರೆ ಮುಷ್ಟಿ ಕಟ್ಟಿ ಎರಡು ಕೈಯನ್ನೂ ತಲೆಯ ಮೇಲೆ ಎತ್ತಿದರೆ, ಎತ್ತಿದವರು ಯಾರೇ ಆಗಲಿ, ಎಲ್ಲ ನಿಲ್ಲಬೇಕು. ಯಾಕೆ ಎಂದು ಕೇಳುವುದು ನಿಂತ ಮೇಲೆ. ಆ ಕೈಯನ್ನು ಸುಳ್ಳಿಗೆ ಎತ್ತುವಂತಿಲ್ಲ. ತಮಾಷೆಗೆ ಎತ್ತಿದವನನ್ನು ಅದೇ ಹೊತ್ತಿಗೆ ಕೆಲಸದಿಂದ ಓಡಿಸುತ್ತಿದ್ದರು.

ಕಾಡು ಸುಲಭವಾಗಿ ದಾರಿ ಕೊಡಲಿಲ್ಲ. ಮರಗಳು ಎರಡೂ ಕಡೆಯಿಂದ ಬಾಗಿ, ಹಗಲನ್ನು ಹಸಿರು ನೀರಿನ ಹಾಗೆ ಮಾಡಿದ್ದವು. ಕೊಂಬೆಗಳು ಟ್ರಾನ್ಸ್‌ಫಾರ್ಮರಿನ ನೆತ್ತಿ ಕೆರೆದು ಮುರಿದು ಬೀಳುತ್ತಿದ್ದವು. ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಲಾರಿ ಗುರುಗುಡುತ್ತ ಹೋಯಿತು. ಮೇಸ್ತ್ರಿ ಅದರ ಮುಂದೆ ಹಿಂದು ಮುಂದಾಗಿ ನಡೆಯುತ್ತ, ಬೆರಳಲ್ಲೇ ದಾರಿ ತೋರಿಸುತ್ತಿದ್ದ. ಕಾಡು ಮುಗಿದಲ್ಲಿ ಕಣಿವೆ ಬಾಯಿ ಬಿಟ್ಟುಕೊಂಡಿತ್ತು. ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಬರೀ ಗಾಳಿ. ಏರು ಎಷ್ಟೆಂದರೆ ಲಾರಿಯೊಂದರಿಂದ ಆಗುವ ಮಾತಲ್ಲ. ಜಿಗಣೆ ಮೇಲಿನ ಬಂಡೆಗೆ ವಿಂಚ್ ಬಿಗಿದು ಉಕ್ಕಿನ ಹಗ್ಗ ಇಳಿಬಿಟ್ಟ.

ಅರ್ಧ ಏರಿದ್ದರು. ಹಿಂದೆ ನಡೆಯುತ್ತಿದ್ದ ಇಂಜಿನಿಯರಮ್ಮ ಇದ್ದಕ್ಕಿದ್ದ ಹಾಗೆ ಎರಡು ಕೈ ಎತ್ತಿದರು.

ಜಿಗಣೆ ಹಿಡಿಕೆ ಒತ್ತಿದ. ಎಲ್ಲ ನಿಂತಿತು.

ಮರುಗಳಿಗೆಯಲ್ಲಿ ಹಿಂದಿನ ಚಕ್ರದ ಮುಂದಿದ್ದ ರಸ್ತೆಯ ಅಂಚು ಸಿಡಿದು ಕೆಳಗೆ ಹೋಯಿತು. ಬಂಡೆಗಳು ಒಂದನ್ನೊಂದು ಜಜ್ಜುತ್ತ ಉರುಳಿದವು. ಅವು ತಳ ಮುಟ್ಟಿದ ಸದ್ದು ಎಷ್ಟೋ ಹೊತ್ತಿಗೆ ಬಂತು.

“ಬಿರುಕು ಓಡ್ತಾ ಇತ್ತು,” ಎಂದರು ಇಂಜಿನಿಯರಮ್ಮ.

“ಒಳ್ಳೆ ಕೈ ಮೇಡಂ,” ಎಂದ ಮೇಸ್ತ್ರಿ. ಅವನು ಯಾರನ್ನೂ ಅದಕ್ಕಿಂತ ಹೆಚ್ಚು ಹೊಗಳಿದ್ದಿಲ್ಲ.

ಬಂಡೆಯ ಗೋಡೆಗೆ ಒತ್ತಿಕೊಂಡು ಉಳಿದ ಏರು ಹತ್ತಿದರು. ಕಣಿವೆಯ ನೆತ್ತಿ ದಾಟಿ ಇಳಿಯುವಾಗ ದಾರಿ ಎರಡಾಗುತ್ತದೆ. ಒಂದು ಊರಿಗೆ, ಇನ್ನೊಂದು ಒಣಗಿದ ಹೊಳೆಯ ಪಾತ್ರಕ್ಕೆ. ಆ ಕವಲಿನಲ್ಲಿ ಊರಿನ ದಾರಿಗೆ ಒಂದು ಮರ ಅಡ್ಡ ಬಿದ್ದಿತ್ತು. ಕಡಿದ ಗಾಯ ಹಸಿಯಾಗಿತ್ತು.

ಮೇಸ್ತ್ರಿ ತಿರುಗುವಷ್ಟರಲ್ಲಿ ಕಲ್ಲೊಂದು ಬಂದು ಅವನ ಭುಜಕ್ಕೆ ಬಡಿಯಿತು. ಪೊದೆಗಳಿಂದ ಆರೇಳು ಜನ ನುಗ್ಗಿದರು. ಕೈಯಲ್ಲಿ ಕಬ್ಬಿಣದ ಸಲಾಕೆ, ಮಚ್ಚು. ಒಬ್ಬನ ಕೈಯಲ್ಲಿ ನಾಡಬಂದೂಕು.

ಜಿಗಣೆಯ ಮೊಣಕೈಗೆ ಸಲಾಕೆ ಬಿತ್ತು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿತು. ಅವನು ಇನ್ನೊಂದು ಕೈಯಲ್ಲಿ ಹೊಡೆದವನ ಕತ್ತು ಹಿಡಿದು, ಲಾರಿಯ ಬಂಪರಿಗೆ ಅವನ ಮುಖ ಜಜ್ಜಿದ. ಹಲ್ಲುಗಳು ಉದುರಿದವು. ಇಬ್ಬರು ಡ್ರೈವರನ್ನು ಸೀಟಿನಿಂದ ಎಳೆದು ಕೆಡವಿದರು. ಮಚ್ಚು ಬೀಸಿತು; ಅವನು ತಲೆ ತಪ್ಪಿಸಿದ, ಕಿವಿ ತಪ್ಪಿಸಲಾಗಲಿಲ್ಲ. ಅರ್ಧ ಕಿವಿ ಮಣ್ಣಿಗೆ ಬಿತ್ತು. ರಕ್ತ ಅಂಗಿಯೊಳಗೆ ಹರಿಯಿತು.

ಮೇಸ್ತ್ರಿ ಚೈನಿನ ತುಂಡು ಬೀಸುತ್ತ ಅವನ ಕಡೆ ಓಡಿದ. ಒಬ್ಬನ ಮಂಡಿ ಒಡೆಯಿತು, ಇನ್ನೊಬ್ಬ ಹೊಟ್ಟೆ ಹಿಡಿದು ಕೂತ. ಆಗ ಬಂದೂಕು ಹಾರಿತು.

ಗುಂಡು ಮನುಷ್ಯರಿಗೆ ತಾಗಲಿಲ್ಲ. ಗೇಜಿಗೆ ಹೋಗುವ ಸಣ್ಣ ತಾಮ್ರದ ಕೊಳವೆಯನ್ನು ಸೀಳಿತು. ಹಾವು ಬುಸುಗುಟ್ಟಿದ ಹಾಗೆ ಟ್ರಾನ್ಸ್‌ಫಾರ್ಮರಿನ ಉಸಿರು ಹೊರಗೆ ಬರತೊಡಗಿತು.

“ಸಾಕು,” ಎಂದಿತು ಒಂದು ದನಿ.

ಪೊದೆಯಿಂದ ಕುಂಟುತ್ತ ಬಂದವನ ಮೀಸೆ ಬೆಳ್ಳಗಿತ್ತು. ಮೇಸ್ತ್ರಿಯ ಕೈಯ ಚೈನು ಕೆಳಗಿಳಿಯಿತು. ತನಗೆ ಗಂಟು ಹಾಕಲು, ಭಾರ ತೂಗಲು, ಕೈಸನ್ನೆ ಮಾಡಲು ಕಲಿಸಿದ ಹಳೆಯ ಮೇಸ್ತ್ರಿ ಅವನು. ಎಲ್ಲರ ಬಾಯಲ್ಲಿ ಬೆಳ್ಳಿಮೀಸೆ. ಹಗ್ಗ ತುಂಡಾಗಿ ಒಂದು ಕಾಲು ಊನವಾದ ಮೇಲೆ ಅವನನ್ನು ಕೆಲಸದಿಂದ ತೆಗೆದಿದ್ದರು. ಆಮೇಲೆ ಎಲ್ಲಿ ಹೋದನೆಂದು ಯಾರೂ ಕೇಳಿರಲಿಲ್ಲ.

“ಗುರುಗಳೇ, ನೀವಾ?”

“ನಾನೇ ಕಣೋ. ಇದರ ಹೊಟ್ಟೆಯೊಳಗೆ ಎಷ್ಟು ತಾಮ್ರ ಇದೆ ಅಂತ ನಿನಗೆ ಹೇಳಿಕೊಟ್ಟಿದ್ದೂ ನಾನೇ. ಹೊಳೆಯಲ್ಲಿ ನಮ್ಮವರು ಕತ್ತರಿಸೋ ಸಾಮಾನು ಇಟ್ಕೊಂಡು ಕಾಯ್ತಿದಾರೆ. ನಿನ್ನ ಮೈದುನನ್ನ ಕರಕೊಂಡು ನಡಿ. ಇವತ್ತು ಜೀವಸಹಿತ ಬಿಟ್ಟಿದ್ದೀನಿ.”

“ಊರಿಗೆ ನೀರಿಲ್ಲ.”

“ನನಗೆ ಕಾಲಿಲ್ಲ. ಊರು ಬಂದು ವಿಚಾರಿಸ್ತಾ?”

ಮೇಸ್ತ್ರಿ ಒಂದು ಹೆಜ್ಜೆ ಮುಂದಿಟ್ಟ, ಅಷ್ಟರಲ್ಲಿ ಹಿಂದಿನಿಂದ ತಲೆಗೆ ಸಲಾಕೆ ಬಿದ್ದು ಎಚ್ಚರ ತಪ್ಪಿ ಉರುಳಿದ.

ಕಣ್ಣು ಬಿಟ್ಟಾಗ ಲಾರಿ ಹೊಳೆಯ ದಾರಿ ಹಿಡಿದು ಇಳಿಯುತ್ತಿತ್ತು. ಸ್ಟಿಯರಿಂಗ್ ಹಿಡಿದವನು ಬೆಳ್ಳಿಮೀಸೆಯೇ. ಅಂಥ ಭಾರ ಇಳಿಸುವುದು ಅವನ ಕಡೆಯವರಲ್ಲಿ ಇನ್ನಾರಿಗೂ ಬರುತ್ತಿರಲಿಲ್ಲ. ಬಂದೂಕಿನವನು, ಇನ್ನೊಬ್ಬ ಟ್ರೈಲರಿನ ಈಚೆ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಮಿಕ್ಕವರು ಪೆಟ್ಟು ತಿಂದವರನ್ನು ಎತ್ತಿಕೊಂಡು ಹಿಂದೆ ಬರುತ್ತಿದ್ದರು.

ಜಿಗಣೆ ಮರದ ಬುಡದಲ್ಲಿ ಬಿದ್ದಿದ್ದ, ಇಂಜಿನಿಯರಮ್ಮ ಅವನ ಮುರಿದ ಕೈ ಕಟ್ಟುತ್ತಿದ್ದರು. ಡ್ರೈವರ್ ಕಾಣಲಿಲ್ಲ.

ಮೇಸ್ತ್ರಿ ಕಣ್ಣುಜ್ಜಿ ನೋಡಿದ. ಲಾರಿಯ ಆಚೆ ಮಗ್ಗುಲಲ್ಲಿ, ಬಾಗಿಲಿನ ಕೆಳಗಿನ ಮೆಟ್ಟಿಲಿಗೆ ಜೋತುಬಿದ್ದು, ರಕ್ತ ಸುರಿಸುತ್ತ ಮೈದುನ ಹೋಗುತ್ತಿದ್ದ. ಅವರು ತಿರುಗಿ ನೋಡಿದರೆ ಮುಗಿಯಿತು.

ಅವನು ಎದ್ದ. ದಾರಿ ಸುತ್ತಿ ಇಳಿಯುತ್ತಿತ್ತು. ಅವನು ನೇರ ಇಳಿಜಾರಿಗೆ ಬಿದ್ದ. ಮುಳ್ಳು ಹರಿಯಿತು, ಕಲ್ಲು ಜಾರಿತು, ಉರುಳಿದ, ಮತ್ತೆ ಎದ್ದು ಓಡಿದ. ಕೆಳಗಿನ ತಿರುವಿನಲ್ಲಿ ದಾರಿಯ ನಡುವೆ ಬಂದು ನಿಂತ. ಲಾರಿ ನೇರ ಅವನ ಮೇಲೆ ಬರುತ್ತಿತ್ತು. ಗಾಜಿನ ಹಿಂದೆ ಬಿಳಿ ಮೀಸೆ ಕಂಡಿತು.

ಅವನ ಹಿಂದೆ ದಾರಿ ಚೆನ್ನಾಗಿಯೇ ಇತ್ತು. ಬಿರುಕಿಲ್ಲ, ಗುಂಡಿಯಿಲ್ಲ.

ಮೇಸ್ತ್ರಿ ಮುಷ್ಟಿ ಕಟ್ಟಿ ಎರಡೂ ಕೈ ಎತ್ತಿದ.

ಬೆಳ್ಳಿಮೀಸೆ ಯೋಚಿಸಿದ್ದರೆ ಅವನ ಮೇಲೆ ಹಾಯಿಸಿ ಹೋಗುತ್ತಿದ್ದ. ಯೋಚನೆಗೆ ಮೊದಲೇ ಕಾಲು ಬ್ರೇಕ್ ತುಳಿದಿತ್ತು. ಒಂದು ಜನ್ಮವೆಲ್ಲ ಆ ಕೈಗೆ ನಿಂತ ಕಾಲು ಅದು.

ಚೈನುಗಳು ಕಿರುಚಿದವು. ಅಂಚಿನಲ್ಲಿ ಕೂತಿದ್ದ ಇಬ್ಬರೂ ಹಾರಿಹೋದರು. ಬಂದೂಕಿನವನ ತಲೆ ಬಂಡೆಗೆ ಬಡಿದು ಮಡಕೆಯ ಹಾಗೆ ಒಡೆಯಿತು. ಅವನು ಏಳಲೇ ಇಲ್ಲ. ಡ್ರೈವರ್ ಬಾಗಿಲು ಕಿತ್ತು ತೆಗೆದು ಬೆಳ್ಳಿಮೀಸೆಯನ್ನು ಕೆಳಗೆಳೆದ. ಇಬ್ಬರೂ ಮಣ್ಣಿನಲ್ಲಿ ಹೊರಳಿದರು. ಮುದುಕನ ಹೆಬ್ಬೆರಳು ಡ್ರೈವರನ ಕಣ್ಣಿಗೆ ಇಳಿಯುವುದರಲ್ಲಿತ್ತು. ಮೇಸ್ತ್ರಿ ಬಂದು ಗುರುವಿನ ಒಳ್ಳೆಯ ಕಾಲಿನ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ತುಳಿದ. ಅದೂ ಮುರಿಯಿತು.

ಒಂದೇ ಕೈಯಲ್ಲಿ ಸಲಾಕೆ ಬೀಸುತ್ತ ಜಿಗಣೆ ಮೇಲಿನಿಂದ ಇಳಿದು ಬಂದಾಗ, ಮಿಕ್ಕವರು ಸತ್ತವನನ್ನು ಎಳೆದುಕೊಂಡು ಕಾಡಿನ ಪಾಲಾದರು.

ಜಿಗಣೆಯ ಹಿಂದೆಯೇ ಓಡಿಬಂದ ಇಂಜಿನಿಯರಮ್ಮ ಯಾರ ಮುಖವನ್ನೂ ನೋಡಲಿಲ್ಲ. ನೆಟ್ಟಗೆ ಕೊಳವೆಯ ಹತ್ತಿರ ಹೋದರು. ಸೀಳಿದ ಜಾಗದ ಹಿಂದೆ ಇಕ್ಕಳದಲ್ಲಿ ಕಚ್ಚಿ, ಮಡಿಸಿ, ಸುತ್ತಿಗೆಯಿಂದ ಚಪ್ಪಟೆ ಬಡಿದರು. ಬುಸುಗುಟ್ಟುವುದು ನಿಂತಿತು. ಜತೆಗೆ ತಂದಿದ್ದ ಒಣ ಗಾಳಿಯ ಸಿಲಿಂಡರನ್ನು ಇನ್ನೊಂದು ಬಾಯಿಗೆ ಜೋಡಿಸಿ, ಅದರ ಗೇಜನ್ನೇ ನೋಡುತ್ತ ಕೂತರು.

“ಸೊನ್ನೆಗೆ ಹೋಗಿರಲಿಲ್ಲ,” ಎಂದರು ಕಡೆಗೆ. “ಇನ್ನೂ ಉಸಿರಿದೆ.”

ಬೆಳ್ಳಿಮೀಸೆಯ ಕೈ ಕಟ್ಟಿ, ಕಾಲಿಗೆ ಹಲಗೆ ಬಿಗಿದು, ಟ್ರೈಲರಿನ ಮೇಲೆ ಮಲಗಿಸಿದರು. ಅವನು ಆಕಾಶ ನೋಡುತ್ತ ಕೇಳಿದ:

“ಮುಂದೆ ಏನಿತ್ತೋ?”

“ಏನೂ ಇರಲಿಲ್ಲ.”

“ಆ ಕೈಯಲ್ಲಿ ಸುಳ್ಳು ಹೇಳಿದೆ.”

“ಹೇಳಿದೆ.”

“ನಾನು ಕಳ್ಳ ಆದೆ. ಆ ಕೈನ ಮಾತ್ರ ಯಾವತ್ತೂ ಸುಳ್ಳಿಗೆ ಎತ್ತಲಿಲ್ಲ.”

ಮೇಸ್ತ್ರಿ ತಿರುಗಿ ಲಾರಿಯ ಮುಂದೆ ಹೋಗಿ ನಿಂತ. ವಿಂಚಿನಿಂದ ಲಾರಿಯನ್ನು ಕವಲಿಗೆ ಹಿಂದಕ್ಕೆ ಎಳೆದು, ಮರ ಸರಿಸಿ, ಊರಿನ ದಾರಿ ಹಿಡಿದರು.

ಊರಿನ ಉಗ್ರಾಣದ ನೆಲ ಗಟ್ಟಿ ಕಾಂಕ್ರೀಟು, ಮೇಲೆ ತಗಡು. ಮರದ ದಪ್ಪ ದಿಮ್ಮಿಗಳನ್ನು ಸಾಲಾಗಿ ಜೋಡಿಸಿ ಇಟ್ಟಿದ್ದರು. ಟ್ರಾನ್ಸ್‌ಫಾರ್ಮರ್ ನೆಲ ಮುಟ್ಟದೆ ಅವುಗಳ ಮೇಲೆ ಕೂರಬೇಕು. ನಾಲ್ಕು ಮೂಲೆಗೂ ದಿಮ್ಮಿಯ ಮೇಲೆ ಜಾಕ್ ಕೊಟ್ಟು ಎತ್ತಿದರು. ಟ್ರೈಲರು ಕೆಳಗಿನಿಂದ ಸರಿದುಹೋಯಿತು. ಇನ್ನು ನಿಧಾನವಾಗಿ ಇಳಿಸುವುದೊಂದೇ. ಪೊಲೀಸ್ ಜೀಪಿಗೆ ಕಾಯುತ್ತ, ಬೆಳ್ಳಿಮೀಸೆ ಎದುರಿನ ಗೋಡೆಗೆ ಒರಗಿ ಬಿದ್ದಿದ್ದ. ಊರಿನ ಜನ ಬಾಗಿಲಲ್ಲಿ ಗುಂಪುಗೂಡಿದ್ದರು. ಅವರಲ್ಲಿ ಖಾಲಿ ಕೊಡ ಹಿಡಿದ ಮೇಸ್ತ್ರಿಯ ಹೆಂಡತಿಯೂ ಇದ್ದಳು.

ಒಂದು ದಿಮ್ಮಿ ಓರೆಯಾಗಿತ್ತು. ಹೇಳುವವರೆಗೆ ಕಾಯದೆ ಡ್ರೈವರ್ ಆಚೆ ಬದಿಯಿಂದ ಕೆಳಗೆ ತೂರಿ, ಅಂಗಾತ ಮಲಗಿ ಅದನ್ನು ದೂಡತೊಡಗಿದ. ಮೇಸ್ತ್ರಿ ನಿಂತಲ್ಲಿಗೆ ಅದು ಕಾಣಲಿಲ್ಲ. ಅವನು ಅಂಗೈ ಕೆಳಗೆ ಮಾಡಿ ಇಳಿಸುವ ಸನ್ನೆ ಕೊಟ್ಟ. ಜಾಕುಗಳು ಇಳಿಯತೊಡಗಿದವು.

ಗೋಡೆಯ ಬಳಿ ಬೆಳ್ಳಿಮೀಸೆ ಕಟ್ಟಿದ ಎರಡು ಕೈಯನ್ನೂ ಮುಷ್ಟಿ ಮಾಡಿ ತಲೆಯ ಮೇಲೆತ್ತಿದ.

ಜಿಗಣೆ ಮೇಸ್ತ್ರಿಯ ಮುಖ ನೋಡಿದ. ಕಳ್ಳನ ಕೈ ಅದು. ಸುಳ್ಳಿಗೆ ಸುಳ್ಳು ಹಿಂತಿರುಗಿಸುತ್ತಿದ್ದಾನೆ ಅಂದುಕೊಳ್ಳಲು ಯಾರಿಗೂ ಕಷ್ಟವಿರಲಿಲ್ಲ. ಮೇಸ್ತ್ರಿಗೂ ಮೊದಲು ಹೊಳೆದದ್ದು ಅದೇ.

ಅವನು ತನ್ನೆರಡೂ ಕೈ ಎತ್ತಿದ. ಜಾಕುಗಳು ನಿಂತವು.

“ಆಚೆ ಮೂಲೆ ಜಾಕಿನ ಕೆಳಗಿನ ದಿಮ್ಮಿ ಸೀಳ್ತಿದೆ,” ಎಂದ ಬೆಳ್ಳಿಮೀಸೆ. “ಕೆಳಗೆ ನಿನ್ನ ಮೈದುನ ಇದಾನೆ.”

ಮೇಸ್ತ್ರಿ ನೆಲಕ್ಕೆ ಬಿದ್ದು, ಕೈಗೆ ಸಿಕ್ಕ ಕಾಲು ಹಿಡಿದು ಎಳೆದ. ಡ್ರೈವರನ ತಲೆ ಹೊರಗೆ ಬಂತು, ಅಷ್ಟರಲ್ಲಿ ದಿಮ್ಮಿ ಬಂದೂಕಿನ ಸದ್ದು ಮಾಡಿ ಸಿಡಿಯಿತು. ಆ ಮೂಲೆ ಧಡ್ ಎಂದು ಕೆಳಗಿನ ದಿಮ್ಮಿಗಳ ಮೇಲೆ ಕೂತಿತು. ಅವನ ಎದೆ ಇದ್ದ ಜಾಗದಲ್ಲಿ ಬೆರಳು ತೂರಿಸುವಷ್ಟೂ ಸಂದಿ ಉಳಿಯಲಿಲ್ಲ.

ಇಂಜಿನಿಯರಮ್ಮ ಕುಲುಕಾಟದ ಯಂತ್ರ ನೋಡಿದರು, ಗೇಜು ನೋಡಿದರು, ಒಮ್ಮೆ ತಲೆಯಾಡಿಸಿದರು. ತಡೆದುಕೊಂಡಿತ್ತು. ಜಿಗಣೆ ಬೇರೆ ದಿಮ್ಮಿ ತರಿಸಿದ. ಮಿಕ್ಕ ಮೂಲೆಗಳನ್ನು ಕೂಸನ್ನು ಮಲಗಿಸುವ ಹಾಗೆ ಇಳಿಸಿದರು.

ಮೇಸ್ತ್ರಿ ಗೋಡೆಯ ಬಳಿ ಹೋಗಿ ಕುಕ್ಕರುಗಾಲಲ್ಲಿ ಕೂತ.

“ಕೈ ಬಿಚ್ಚಲಾ ಗುರುಗಳೇ?”

“ಬೇಡ. ಬಿಚ್ಚಿದರೆ ಓಡೋಣ ಅನ್ನಿಸತ್ತೆ. ಓಡೋಕೆ ಒಂದು ಕಾಲಾದರೂ ಉಳಿಸಿದೀಯಾ ನೀನು?”

“ಇನ್ನೊಂದು ಸಲ ನಾನು ಕೈ ಎತ್ತಿದ್ದರೆ ನೀವು ನಿಲ್ತಿದ್ರಾ?”

“ನಿಲ್ತಿದ್ದೆ. ಬೈಕೊಂಡು ನಿಲ್ತಿದ್ದೆ.”

ಬಾಗಿಲಲ್ಲಿ ಹೆಂಡತಿ ತಮ್ಮನ ಗಲ್ಲ ಹಿಡಿದು, ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದಳು.

“ಇಡಿಯಾಗಿ ತನ್ನಿ ಅಂದಿದ್ದೆ.”

“ಅರ್ಧ ಕಿವಿ ದಾರಿಯಲ್ಲಿ ಬಿತ್ತು,” ಎಂದ ಮೇಸ್ತ್ರಿ.

“ಹೋಗಲಿ ಬಿಡಕ್ಕ,” ಎಂದ ತಮ್ಮ. “ಭಾವ ಹೇಳಿದ್ದನ್ನ ಅರ್ಧ ಕೇಳಿಸ್ಕೊಂಡರೆ ಸಾಕು ನನಗೆ.”

ಅವಳು ನಗಲಿಲ್ಲ. ಪಕ್ಕದವಳ ಕೊಡದಿಂದ, ಕೊರಕಲಿನಿಂದ ಹೊತ್ತು ತಂದ ನೀರನ್ನು ಒಂದು ಲೋಟಕ್ಕೆ ಬಗ್ಗಿಸಿಕೊಂಡಳು. ಗಂಡನನ್ನೂ ತಮ್ಮನನ್ನೂ ದಾಟಿ, ಗೋಡೆಯ ಬಳಿ ಹೋಗಿ, ಕಟ್ಟಿದ ಆ ಎರಡು ಕೈಗಳಿಗೆ ಕೊಟ್ಟಳು.