ಅಕ್ಕನ ಇಡೀ ಮುಖ

“ಒಬ್ಬರದೇ ಇಡೀ ಮುಖ ತೆಗೀಬೇಡ ಕಣಪ್ಪ,” ಎಂದಳು ಚರ್ಮದಮ್ಮ. “ಹಣೆ ಒಬ್ಬರದು, ಕೆನ್ನೆ ಇನ್ನೊಬ್ಬರದು, ಗದ್ದ ಮತ್ತೊಬ್ಬರದು. ಬೆರೆಸಿ ಮಾಡು. ಅದ್ರಲ್ಲೂ ಈ ಕ್ಯಾಮೆರಾದಲ್ಲಿ ಬೇಡವೇ ಬೇಡ.”

ಜನರ ಮುಖದ ಪಟ ತೆಗೆದು ಕಂಪ್ಯೂಟರಿನ ಬೊಂಬೆಗಳಿಗೆ ನಿಜದಂಥ ಚರ್ಮ ಹೊದಿಸುವುದು ಆ ಕಚೇರಿಯ ಕಸುಬು. ಆಟಗಳಲ್ಲಿ ಓಡಾಡುವ ರಾಜ, ರಾಣಿ, ಕಳ್ಳರ ಸುಕ್ಕು, ಮೊಡವೆ, ಬೆವರು ಎಲ್ಲ ಅಲ್ಲೇ ತಯಾರು. ಚರ್ಮದಮ್ಮ ಅಲ್ಲಿ ಎಲ್ಲರಿಗಿಂತ ಹಳಬಳು. ಸೊಳ್ಳೆಯ ಮುಖಕ್ಕೂ ಮೊಡವೆ ಬರೆಯಬಲ್ಲಳು ಎಂದು ಹೆಸರು. ಎಂಥ ಸೆಕೆಯಲ್ಲೂ ಎಡಗಿವಿಯ ಮೇಲೆ ಸ್ಕಾರ್ಫ್ ಬಿಗಿದೇ ಇರುತ್ತಿದ್ದಳು.

ಹೊಸದಾಗಿ ಸೇರಿದ ಹುಡುಗನನ್ನು ಎಲ್ಲರೂ ಚಿಗುರುಮೀಸೆ ಎನ್ನುತ್ತಿದ್ದರು. ಮೀಸೆ ಒಂದೆಳೆ, ಬಾಯಿ ಮಾತ್ರ ಊರಗಲ.

“ತೆಗೆದ್ರೆ ಏನು, ಕ್ಯಾಮೆರಾ ಕಚ್ಚುತ್ತಾ?”

“ಒಬ್ಬ ಅಜ್ಜಿ ಮುಖಾನ ಕೇಳ್ದೆ ಕದ್ದು ರಾಕ್ಷಸಿ ಬೊಂಬೆಗೆ ಅಂಟಿಸಿದ್ರು. ಅವಳು ಬಂದು ಇದಕ್ಕೆ ಹೆಬ್ಬೆಟ್ಟು ಒತ್ತಿದ್ಳು. ಇದ್ರಲ್ಲಿ ಇಡಿಯಾಗಿ ಬಿದ್ದ ಮುಖಕ್ಕೆ ಪರದೆ ಮೇಲೆ ಏನು ಮಾಡ್ತೀರೋ, ಮೈಮೇಲೂ ಅದೇ ಆಗ್ಲಿ ಅಂತ ಶಾಪ ಹಾಕಿದ್ಳು. ಒಡೆದು ಹಾಕೋಣ ಅಂದ್ರೆ, ಒಳಗಿರೋ ಮುಖಗಳ ಗತಿ ಏನೋ ಅಂತ ಭಯ.”

ಕ್ಯಾಮೆರಾದ ಮೇಲೆ ಮಸಿ ಹೆಬ್ಬೆಟ್ಟಿನ ಗುರುತು ಇದ್ದದ್ದು ನಿಜ. ಚಿಗುರುಮೀಸೆ ಉಗುಳು ಹಚ್ಚಿ ಉಜ್ಜಿದ. ಹೋಗಲಿಲ್ಲ.

“ಹಾಗಾದ್ರೆ ಬ್ಯೂಟಿ ಪಾರ್ಲರ್‌ಗೆ ಬೀಗ ಹಾಕಿಸ್ಬಹುದು ಬಿಡಿ!” ಎಂದು ನಕ್ಕ.

ಮಧ್ಯಾಹ್ನ ಅವನು ಮರೆತ ಊಟದ ಡಬ್ಬಿ ಹಿಡಿದು ಅಕ್ಕ ಬಂದಳು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. ನಕ್ಕರೆ ಬೀದಿಯಾಚೆಯ ನಾಯಿ ಎದ್ದು ಕೂರುವಂಥ ನಗು ಅವಳದು.

“ಕೂತ್ಕೋ ಅಕ್ಕ, ನಿನ್ನ ರಾಣಿ ಮಾಡ್ತೀನಿ.”

“ಹಾಗಿದ್ರೆ ಮೂಗು ಸ್ವಲ್ಪ ಸಣ್ಣ ಮಾಡೋ!”

ಅದೇ ಕ್ಯಾಮೆರಾ ಹಿಡಿದು ಸುತ್ತಲೂ ಪಟ ತೆಗೆದ. ಕಪ್ಪು ಪರದೆ ಎಳೆದ ಕೋಣೆ. ಕಾದ ಯಂತ್ರದ ಧೂಳಿನ ವಾಸನೆ. ಕಂಪ್ಯೂಟರಿನಲ್ಲಿ ಅಕ್ಕನ ಮುಖ ಚಪ್ಪಟೆಯಾಗಿ ಹರಡಿಕೊಂಡಿತು, ಸುಲಿದು ಒಣಗಲು ಹಾಕಿದ ತೊಗಲಿನ ಹಾಗೆ. ಕಣ್ಣು, ಬಾಯಿ ಇದ್ದಲ್ಲಿ ತೂತು. ಹಣೆಯ ಸುಟ್ಟ ಕಲೆಯನ್ನು ಅಳಿಸಿದ.

“ಹಣೆ ಯಾಕೋ ತಣ್ಣಗಾಯ್ತಲ್ಲೋ,” ಎಂದಳು ಹಿಂದೆ ಕೂತ ಅಕ್ಕ. ಅವನು ತಿರುಗಲಿಲ್ಲ.

ತೂತಿನ ಅಂಚಿನಲ್ಲಿ ಬಿಳಿ ಗೆರೆ ಕಾಣಬಾರದೆಂದು ಸುತ್ತಲಿನ ಚರ್ಮದ ಬಣ್ಣವನ್ನು ಒಳಕ್ಕೆ ಹರಿಸಿ ತುಂಬುವುದು ಈ ಕಸುಬಿನ ವಾಡಿಕೆ. ಬಾಯಿಯ ತೂತಿನ ಮೇಲೆ ಅವನ ಕೈ ತಾನಾಗಿಯೇ ಕೀಲಿ ಒತ್ತಿತು.

ಅಕ್ಕ ಏನಕ್ಕೋ ನಗುತ್ತಿದ್ದಳು. ನಗು ಅರ್ಧಕ್ಕೇ ನಿಂತಿತು. ಡಬ್ಬಿ ಬಿತ್ತು. ತಿರುಗಿದ. ಅಕ್ಕನಿಗೆ ಬಾಯಿಯಿಲ್ಲ. ನುಣ್ಣನೆ ಚರ್ಮ. ಅದರಡಿ ಒಂದು ಕೂಗು ಒದ್ದಾಡುತ್ತಿತ್ತು. ಕಂಪ್ಯೂಟರಿನಲ್ಲಿ ಬಣ್ಣ ಹರಿಯುವುದು ನಿಲ್ಲಲಿಲ್ಲ. ಮೂಗಿನ ಹೊಳ್ಳೆಗಳತ್ತ ಏರಿತು. ಅಳಿಸಲು ಒತ್ತಿದ. ಅಳಿಯಲಿಲ್ಲ. ಕಂಪ್ಯೂಟರಿನ ತಂತಿ ಕೀಳಲು ಕೈ ಹಾಕಿದ.

“ಕೀಳ್ಬೇಡ! ಹಾಗೇ ಉಳಿದುಬಿಡ್ತಾಳೆ!” ಚರ್ಮದಮ್ಮ ಓಡಿ ಬಂದಳು. “ಮುಖ ಇಡಿಯಾಗಿ ಇರ್ಬಾರ್ದು. ಇದೇ ಕ್ಯಾಮೆರಾದಲ್ಲಿ ತೆಗೆದು ಇನ್ನೊಬ್ಬರ ತುಂಡು ಸೇರಿಸು. ಆದ್ರೆ ಕೊಟ್ಟದ್ದು ವಾಪಸ್ ಬರಲ್ಲ.” ಸ್ಕಾರ್ಫ್ ಸರಿಸಿದಳು. ಕಿವಿ ಇರಬೇಕಾದಲ್ಲಿ ಬರೀ ಬಯಲು. “ನನ್ನ ಮಗನಿಗೆ ಕೊಟ್ಟೆ.”

ಅಕ್ಕನ ಒಂದು ಹೊಳ್ಳೆ ಮುಚ್ಚಿತು. ಕಾಲು ನೆಲಕ್ಕೆ ಬಡಿಯುತ್ತಿತ್ತು. ಅವನು ಕ್ಯಾಮೆರಾ ತನ್ನತ್ತ ತಿರುಗಿಸಿದ. ಕ್ಲಿಕ್. ಪಟದಿಂದ ತನ್ನ ಬಾಯಿ ಕತ್ತರಿಸಿದ. ಅಂಟಿಸಿದ. ಬಣ್ಣ ನಿಂತಿತು.

ಅಕ್ಕ ಉಸಿರೆಳೆದಳು. “ತಮ್ಮಾ...”

ದನಿ ಅವಳದೇ. ಬಾಯಿ ಅವನದು. ಅದರ ಮೇಲೆ ಒಂದೆಳೆ ಮೀಸೆ.

ಓಗೊಡಲು ಹೋದ. ಮೂಗಿನ ಕೆಳಗೆ ತಡವಿಕೊಂಡ. ಬೆರಳು ಜಾರಿ ಗದ್ದದವರೆಗೂ ಇಳಿಯಿತು.

ಈಗ ಅಕ್ಕ ದಿನಾ ಬೆಳಿಗ್ಗೆ ಮೀಸೆ ಬೋಳಿಸಿಕೊಂಡು, ತಮ್ಮನ ಮೂಗಿಗೆ ಹಾಕಿದ ಕೊಳವೆಯಲ್ಲಿ ಹಾಲು ಇಳಿಸಿ ಅವನನ್ನು ಕೆಲಸಕ್ಕೆ ಕಳಿಸುತ್ತಾಳೆ. ಅವಳು ನಗುವುದನ್ನೇ ಬಿಟ್ಟಿದ್ದಾಳೆ. ನಕ್ಕರೆ ಅವನ ನಗು ಕಾಣುತ್ತದೆ.

ಕಚೇರಿಯಲ್ಲಿ ಹೊಸಬರಿಗೆ ಚರ್ಮದಮ್ಮ ಅದೇ ಮಾತು ಹೇಳುತ್ತಾಳೆ. ಯಾರಾದರೂ ನಕ್ಕರೆ, ಮೂಲೆಯಲ್ಲಿ ಕೂತವನು ಸುಮ್ಮನೆ ತನ್ನ ಮಾಸ್ಕ್ ಇಳಿಸುತ್ತಾನೆ.